ಆರು ವರ್ಷ ಬಳಸಿದ ಬಿ450 ಮದರ್‌ಬೋರ್ಡ್: ಹಿಂಬದಿಯ ಆ ಪುಟ್ಟ ಬಟನ್ ಉಳಿಸಿತು

ನಾನು ದಾವಣಗೆರೆಯಲ್ಲಿ ಮನೆಯಿಂದಲೇ ಮದುವೆ ಆಲ್ಬಂ ಡಿಸೈನ್ ಮಾಡುತ್ತೇನೆ. 2019ರಲ್ಲಿ ಕಂಪ್ಯೂಟರ್ ಜೋಡಿಸಿಕೊಂಡೆ. ಬಿ450 ಚಿಪ್‌ಸೆಟ್‌ನ ಮದರ್‌ಬೋರ್ಡ್, ಎಎಂಡಿ ರೈಜೆನ್ 5 2600 ಪ್ರೊಸೆಸರ್, 16 ಜಿಬಿ ರ‍್ಯಾಮ್, ಒಂದು ಗ್ರಾಫಿಕ್ಸ್ ಕಾರ್ಡ್. ದಿನಕ್ಕೆ ಎಂಟು-ಹತ್ತು ಗಂಟೆ ಓಡುತ್ತದೆ, ಸೀಸನ್‌ನಲ್ಲಿ ಕೆಲವೊಮ್ಮೆ ರಾತ್ರಿಯಿಡೀ. ಬೋರ್ಡ್ ಇವತ್ತಿಗೂ ಅದೇ.

2023ರಲ್ಲಿ ಫೋಟೋಗಳ ಸೈಜ್ ಜಾಸ್ತಿ ಆಗಿ ಕೆಲಸ ತೀರಾ ನಿಧಾನವಾಯಿತು. ಬೆಂಗಳೂರಿಗೆ ಹೋದಾಗ ಎಸ್‌ಪಿ ರೋಡಿನಲ್ಲಿ ರೈಜೆನ್ 5 5600 ಪ್ರೊಸೆಸರ್ ತಂದೆ. ಪ್ರೊಸೆಸರ್ ಕೂರುವ ಜಾಗ ಅದೇ ಎಎಂ4 ಸಾಕೆಟ್, ಅದೇ 65 ವ್ಯಾಟ್, ಬೋರ್ಡ್ ಬದಲಾಯಿಸುವ ಖರ್ಚಿಲ್ಲ. ಹಳೆಯ ಪ್ರೊಸೆಸರನ್ನು ಅವತ್ತೇ ಶಿವಮೊಗ್ಗದ ನಮ್ಮ ಭಾವನ ಮಗನಿಗೆ ಕಳಿಸಿಬಿಟ್ಟೆ. ಹೊಸದು ಓಡುವವರೆಗೂ ಅದನ್ನು ಇಟ್ಟುಕೊಳ್ಳಬೇಕಿತ್ತು.

ಹೊಸದನ್ನು ಕೂರಿಸಿ ಪವರ್ ಬಟನ್ ಒತ್ತಿದೆ. ಫ್ಯಾನ್‌ಗಳೆಲ್ಲ ತಿರುಗಿದವು, ಪರದೆ ಮಾತ್ರ ಕಪ್ಪು. ಕೀಬೋರ್ಡಿನ ನಮ್ ಲಾಕ್ ದೀಪವೂ ಹತ್ತಲಿಲ್ಲ. ಎರಡು ದಿನದಲ್ಲಿ ಒಂದು ಆಲ್ಬಂ ಕೊಡಬೇಕಿತ್ತು, ಮುಹೂರ್ತದ ಫೋಟೋಗಳೆಲ್ಲ ಇದರಲ್ಲೇ ಇದ್ದವು. ಹೊಟ್ಟೆಯಲ್ಲಿ ಸಂಕಟ ಶುರುವಾಯಿತು.

ಸುಲಭದವನ್ನು ಮೊದಲು ನೋಡಿದೆ. ಮಾನಿಟರ್ ಕೇಬಲ್ ಗ್ರಾಫಿಕ್ಸ್ ಕಾರ್ಡಿಗೇ ಇದೆಯಾ? ಇದೆ. 5600ರಲ್ಲಿ ಗ್ರಾಫಿಕ್ಸ್ ಇಲ್ಲ, ಬೋರ್ಡಿಗೆ ಚುಚ್ಚಿದರೆ ಚಿತ್ರ ಬರುವುದೇ ಇಲ್ಲ. ಪ್ರೊಸೆಸರ್ ಪಕ್ಕದ 8 ಪಿನ್ ಪವರ್ ಕೇಬಲ್ ಪೂರ್ತಿ ಕೂತಿತ್ತು. ರ‍್ಯಾಮ್ ತೆಗೆದು ಒಂದನ್ನೇ ಎರಡನೇ ಸ್ಲಾಟಿಗೆ ಹಾಕಿದೆ. ಸೆಟ್ಟಿಂಗ್‌ಗಳು ಮೊದಲಿನಂತಾಗಲಿ ಅಂತ ಬೋರ್ಡಿನ ನಾಣ್ಯದ ಹಾಗಿರುವ ಬ್ಯಾಟರಿಯನ್ನು ಐದು ನಿಮಿಷ ಹೊರಗಿಟ್ಟು ಮತ್ತೆ ಕೂರಿಸಿದೆ. ಏನೂ ಆಗಲಿಲ್ಲ.

ಕೋಣೆಯ ಲೈಟ್ ಆರಿಸಿ ನೋಡೋಣ ಅಪ್ಪಾ ಎಂದಳು ಮಗಳು. ಆರಿಸಿದಾಗ ಕಂಡಿತು: ರ‍್ಯಾಮ್ ಪಕ್ಕದಲ್ಲಿ ಎಳ್ಳುಕಾಳಿನಷ್ಟು ಕೆಂಪು ದೀಪ, ಪಕ್ಕದಲ್ಲಿ ಸಿಪಿಯು (ಅಂದರೆ ಪ್ರೊಸೆಸರ್) ಎಂಬ ಸಣ್ಣ ಅಕ್ಷರ. ಬೋರ್ಡಿನಲ್ಲಿ ಹೀಗೆ ನಾಲ್ಕು ದೀಪಗಳಿವೆ. ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್, ಬೂಟ್, ಎಲ್ಲಿ ತಡೆದಿದೆಯೋ ಆ ದೀಪ ಉಳಿದುಕೊಳ್ಳುತ್ತದೆ. ನಾಲ್ಕು ವರ್ಷ ಬಳಸಿದರೂ ನಾನು ಅದನ್ನು ಗಮನಿಸಿರಲಿಲ್ಲ.

ಪಿನ್ ಬಾಗಿರಬಹುದು ಅಂತ ಭಯವಾಯಿತು. ಎಎಂ4ರಲ್ಲಿ ಪಿನ್‌ಗಳು ಪ್ರೊಸೆಸರಿನಲ್ಲೇ ಇರುತ್ತವೆ. ಪ್ರೊಸೆಸರಿಗೂ ಅದನ್ನು ತಂಪಾಗಿಡುವ ಕೂಲರಿಗೂ ನಡುವಿನ ಪೇಸ್ಟ್ ಒಣಗಿದ್ದರೆ ಕೂಲರ್ ಎತ್ತುವಾಗ ಪ್ರೊಸೆಸರೂ ಕಿತ್ತುಕೊಂಡು ಬರುತ್ತದೆ. ಅದಕ್ಕೇ ಸ್ವಲ್ಪ ಹೊತ್ತು ಕಂಪ್ಯೂಟರ್ ಓಡಿಸಿ, ಆಫ್ ಮಾಡಿ, ಬಿಸಿ ಇರುವಾಗಲೇ ಕೂಲರನ್ನು ಅತ್ತಿತ್ತ ತಿರುಗಿಸಿ ಸಡಿಲ ಮಾಡಿ ಎತ್ತಬೇಕು. ತೆಗೆದು ನೋಡಿದೆ, ಪಿನ್‌ಗಳು ಸಾಲಾಗಿ ನೆಟ್ಟಗಿದ್ದವು.

ಊರಿನ ಒಂದು ಅಂಗಡಿಯಲ್ಲಿ ಕೇಳಿದೆ. ಬೋರ್ಡ್ ಹೋಗಿದೆ ಸರ್, ಹೊಸದು ಹಾಕಿಸಿ ಎಂದರು. ತೆಗೆದೂ ನೋಡಲಿಲ್ಲ. ನನಗೆ ಒಪ್ಪಿಗೆ ಆಗಲಿಲ್ಲ, ಹಿಂದಿನ ದಿನದವರೆಗೂ ಓಡಿದ್ದ ಬೋರ್ಡ್ ಅಲ್ವಾ? ಮನೆಗೆ ಬಂದು ಬೋರ್ಡ್ ತಯಾರಕರ ವೆಬ್‌ಸೈಟಿನಲ್ಲಿ ಪ್ರೊಸೆಸರ್ ಪಟ್ಟಿ ತೆಗೆದೆ. 5600ರ ಎದುರು ಅದಕ್ಕೆ ಬೇಕಾದ ಬಯಾಸ್‌ನ (ಆನ್ ಮಾಡಿದಾಗ ಮೊದಲು ಓಡುವ, ಬೋರ್ಡಿನೊಳಗಿನ ಸಾಫ್ಟ್‌ವೇರ್) ಆವೃತ್ತಿ ಸಂಖ್ಯೆ ಇತ್ತು. ನನ್ನದು ಕೊಂಡಾಗಿನ ಬಯಾಸ್, ಒಮ್ಮೆಯೂ ಅಪ್‌ಡೇಟ್ ಮಾಡಿರಲಿಲ್ಲ. ಬಿ450 ಬಂದದ್ದು 2018ರಲ್ಲಿ, 5600 ಬಂದದ್ದು 2022ರಲ್ಲಿ. ಹಳೆಯ ಬಯಾಸ್‌ಗೆ ಈ ಪ್ರೊಸೆಸರಿನ ಗುರುತೇ ಇಲ್ಲ.

ಬಯಾಸ್ ಬದಲಾಯಿಸೋಣ ಅಂದರೆ ಕಂಪ್ಯೂಟರ್ ಆನ್ ಆಗಬೇಕು, ಆನ್ ಆಗಲು ಹಳೆಯ ಪ್ರೊಸೆಸರ್ ಬೇಕು. ಇಲ್ಲಿಯೇ ಈ ಬೋರ್ಡಿನ ನಿಜವಾದ ಬೆಲೆ ಗೊತ್ತಾಗಿದ್ದು. ಹಿಂಬದಿಯಲ್ಲಿ ಯುಎಸ್‌ಬಿ ಪೋರ್ಟುಗಳ ಪಕ್ಕ ಬಯಾಸ್ ಫ್ಲ್ಯಾಶ್ ಬಟನ್ ಇದೆ. ಪ್ರೊಸೆಸರ್ ಕೆಲಸ ಮಾಡದಿದ್ದರೂ ಅದು ಬಯಾಸ್ ಬರೆಯುತ್ತದೆ. ಮಗಳ ಲ್ಯಾಪ್‌ಟಾಪಿನಲ್ಲಿ ಫೈಲ್ ಇಳಿಸಿಕೊಂಡೆ. ಪೆನ್‌ಡ್ರೈವನ್ನು ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ, ಮ್ಯಾನುಯಲ್ ಹೇಳಿದಂತೆ ಫೈಲಿನ ಹೆಸರು ಬದಲಿಸಿ, ಗುರುತು ಇರುವ ಪೋರ್ಟಿಗೇ ಚುಚ್ಚಿದೆ. ಕರೆಂಟ್ ನಡುವೆ ಹೋದರೆ ಕಷ್ಟ, ಅದಕ್ಕೆ ಯುಪಿಎಸ್ ಮೂಲಕವೇ ಕೊಟ್ಟೆ. ಬಟನ್ ಒತ್ತಿದೆ. ದೀಪ ಮಿನುಗತೊಡಗಿತು. ನಾವಿಬ್ಬರೂ ಮುಟ್ಟದೆ, ಮಾತಾಡದೆ ನೋಡುತ್ತ ಕೂತೆವು. ಐದಾರು ನಿಮಿಷದ ಮೇಲೆ ಮಿನುಗುವುದು ನಿಂತಿತು.

ಮತ್ತೆ ಆನ್ ಮಾಡಿದಾಗ ಒಂದು ನಿಮಿಷ ಕಪ್ಪಾಗಿಯೇ ಇತ್ತು. ಗಾಬರಿಯಾಗಿ ಆಫ್ ಮಾಡಬೇಡಿ, ರ‍್ಯಾಮನ್ನು ಪರೀಕ್ಷಿಸಿಕೊಳ್ಳುತ್ತಿರುತ್ತದೆ. ಆಮೇಲೆ ಹೊಸ ಪ್ರೊಸೆಸರ್ ಬಂದಿದೆ, ಎಫ್‌ಟಿಪಿಎಂ (ಭದ್ರತಾ ಕೀಗಳನ್ನು ಇಟ್ಟುಕೊಳ್ಳುವ ಭಾಗ) ರೀಸೆಟ್ ಮಾಡಲೇ ಎಂಬ ಪ್ರಶ್ನೆ ಬಂತು. ವಿಂಡೋಸ್‌ನಲ್ಲಿ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಹಾಕಿದವರು ಅದರ ರಿಕವರಿ ಕೀ ಕೈಯಲ್ಲಿ ಇಟ್ಟುಕೊಂಡೇ ಹೌದು ಎನ್ನಿ. ರ‍್ಯಾಮ್ ವೇಗವೂ ಕೆಳಗಿಳಿದಿತ್ತು, ಬಯಾಸ್‌ನಲ್ಲಿ ಅದನ್ನು ಪೂರ್ತಿ ವೇಗಕ್ಕೆ ತರುವ ಎಕ್ಸ್‌ಎಂಪಿ ಸೆಟ್ಟಿಂಗ್ ಹಾಕಿ 3200ಕ್ಕೆ ತಂದೆ.

ಆಲ್ಬಂ ಹೇಳಿದ ದಿನಕ್ಕೇ ಕೊಟ್ಟೆ. ನಲವತ್ತು ಶೀಟಿನ ಎಕ್ಸ್‌ಪೋರ್ಟಿಗೆ ಮೊದಲು ಹನ್ನೊಂದು ನಿಮಿಷ ಬೇಕಿತ್ತು, ಈಗ ಆರೂವರೆ.

ಸೆಕೆಂಡ್ ಹ್ಯಾಂಡ್ ಬಿ450 ತೆಗೆದುಕೊಳ್ಳುವವರು ಆ ಬಟನ್ ಇದೆಯಾ ನೋಡಿ, ಎಲ್ಲ ಮಾಡೆಲ್‌ಗಳಲ್ಲಿ ಇರುವುದಿಲ್ಲ. ಇಲ್ಲದಿದ್ದರೆ ಹಳೆಯ ಪ್ರೊಸೆಸರ್ ಇರುವಾಗಲೇ ಬಯಾಸ್ ಅಪ್‌ಡೇಟ್ ಮಾಡಿ. ನನ್ನ ಕಡೆಯಿಂದ ನಾಲ್ಕು ಸ್ಟಾರ್. ಎಸ್‌ಎಸ್‌ಡಿ ಹಾಕುವ ಎಂ.2 ಸ್ಲಾಟ್ ಒಂದೇ ಇರುವುದಕ್ಕೆ ಒಂದು ಕಡಿಮೆ.