ಸಾಲು ತಪ್ಪಿಸಲು ದುಡ್ಡು ಕೊಡಬೇಕೆ? ಬಿಡದಿ, ಸೆಂಟೋಸಾ, ಒರ್ಲಾಂಡೊ

"ಫಾಸ್ಟ್ ಟ್ರ್ಯಾಕ್ ತಗೊಳ್ಳೋದಾ, ಮಾಮೂಲಿ ಟಿಕೆಟ್ ಸಾಕಾ?" ಬಿಡದಿಯ ವಂಡರ್‌ಲಾ ಪಾರ್ಕಿಗೆ ಹೊರಟ ನೆಂಟರಿಷ್ಟರೆಲ್ಲ ನನ್ನನ್ನು ಕೇಳುವ ಪ್ರಶ್ನೆ ಇದು. ಫಾಸ್ಟ್ ಟ್ರ್ಯಾಕ್ ಅಂದರೆ ಸಾಲು ತಪ್ಪಿಸುವ ದುಬಾರಿ ಟಿಕೆಟ್. ಬಿಡದಿಯಲ್ಲಿ ಎರಡೂ ಬಗೆಯ ಟಿಕೆಟ್ ಹಿಡಿದು ಆಡಿದ್ದೇನೆ. ಸಿಂಗಪುರದ ಸೆಂಟೋಸಾ ದ್ವೀಪದ ಯೂನಿವರ್ಸಲ್ ಸ್ಟುಡಿಯೋಸ್‌ನಲ್ಲಿ ಎಕ್ಸ್‌ಪ್ರೆಸ್ ಪಾಸ್ ಕೊಂಡೂ ಸುತ್ತಿದ್ದೇನೆ, ಕೊಳ್ಳದೆಯೂ ಸುತ್ತಿದ್ದೇನೆ. ಅಕ್ಕನ ಮನೆ ಫ್ಲೋರಿಡಾದಲ್ಲಿರುವುದರಿಂದ ಒರ್ಲಾಂಡೊದ ಡಿಸ್ನಿಯಲ್ಲಿ ಬಿಟ್ಟಿ ಪಾಸಿನ ಕಾಲವನ್ನೂ ಈಗಿನ ದುಡ್ಡಿನ ಪಾಸನ್ನೂ ಕಂಡಿದ್ದಾಗಿದೆ. ನನ್ನ ತೀರ್ಮಾನ ಇಷ್ಟೇ: ಯಾವ ದಿನ ಹೋಗಬೇಕು ಅನ್ನುವುದು ನಿಮ್ಮ ಕೈಯಲ್ಲಿದ್ದರೆ ದುಡ್ಡು ಕೊಡಬೇಡಿ. ಭಾನುವಾರ ಬಿಟ್ಟರೆ ಬೇರೆ ದಿನವೇ ಇಲ್ಲ ಅನ್ನುವವರು ಕೊಟ್ಟರೆ ಅದು ದುಂದುವೆಚ್ಚ ಅನ್ನಲಾರೆ.

ಬಿಡದಿಯಿಂದಲೇ ಶುರು ಮಾಡುತ್ತೇನೆ. 2005ರಲ್ಲಿ ತೆರೆದ ಈ ಪಾರ್ಕಿನಲ್ಲಿ ಫಾಸ್ಟ್ ಟ್ರ್ಯಾಕ್‌ನ ಬೆಲೆ ಮಾಮೂಲಿ ಟಿಕೆಟ್‌ನ ಹತ್ತಿರ ಹತ್ತಿರ ಎರಡರಷ್ಟು. ಅದನ್ನು ಹಿಡಿದರೆ ರೈಡಿನ ಬಾಯಿಗೆ ಬೇರೆ ದಾರಿಯಲ್ಲಿ ಹೋಗಬಹುದು. ಆದರೆ ಆ ಬೇರೆ ದಾರಿಯ ಉಪಯೋಗ ಇರುವುದು ಸಾಲು ಇರುವ ಕಡೆ ಮಾತ್ರ. ವೇವ್ ಪೂಲ್, ಲೇಜಿ ರಿವರ್, ರೇನ್ ಡ್ಯಾನ್ಸ್ ಇಲ್ಲೆಲ್ಲ ಸಾಲೇ ಇರುವುದಿಲ್ಲ, ಜನ ಸುಮ್ಮನೆ ಇಳಿಯುತ್ತಾರೆ. ಕಾಯಬೇಕಾದದ್ದು ಹೈ ಥ್ರಿಲ್ ರೈಡುಗಳಿಗೆ ಮತ್ತು ನೀರಿನ ಜಾರುಬಂಡೆಗಳಿಗೆ. ಅರ್ಧ ದಿನ ನೀರಿನಲ್ಲೇ ಕಳೆಯುವ ಕುಟುಂಬ ಎರಡರಷ್ಟು ದುಡ್ಡು ಕೊಟ್ಟು ಕೊಳ್ಳುವುದು ಏನನ್ನು ಅಂತ ಒಮ್ಮೆ ಯೋಚಿಸಬೇಕು.

ಇನ್ನೊಂದು ವಿಷಯ ಎತ್ತರದ್ದು. 140 ಸೆಂಟಿಮೀಟರ್‌ಗಿಂತ ಕುಳ್ಳಗಿರುವ ಮಕ್ಕಳಿಗೆ ದೊಡ್ಡ ರೈಡುಗಳಲ್ಲಿ ಪ್ರವೇಶವಿಲ್ಲ. ಅತಿ ಉದ್ದದ ಸಾಲುಗಳಿರುವುದೂ ಅಲ್ಲೇ. ಹತ್ತರೊಳಗಿನ ಮಗುವಿಗೆ ಫಾಸ್ಟ್ ಟ್ರ್ಯಾಕ್ ಕೊಳ್ಳುವ ಮುಂಚೆ ಮನೆಯಲ್ಲೇ ಗೋಡೆಗೆ ನಿಲ್ಲಿಸಿ ಟೇಪು ಹಿಡಿಯಿರಿ.

ಸಾಲು ಎಷ್ಟು ಹೊತ್ತಿನದು ಅಂತ ಉದ್ದ ನೋಡಿ ಹೇಳಲಾಗದು, ಲೆಕ್ಕ ಹಾಕಬೇಕು. ಒಂದು ರೈಡಿನಲ್ಲಿ 24 ಸೀಟು, ಹತ್ತಿಸಿ ಆಡಿಸಿ ಇಳಿಸಲು 4 ನಿಮಿಷ ಅಂದುಕೊಳ್ಳಿ. ಗಂಟೆಗೆ 15 ಸುತ್ತು, 360 ಜನ. ನಿಮ್ಮ ಮುಂದೆ 180 ಜನ ಇದ್ದರೆ ಅರ್ಧ ಗಂಟೆ. ಈಗ ಪ್ರತಿ ಸುತ್ತಿನಲ್ಲೂ ಮೂರರಲ್ಲೊಂದು ಸೀಟು ಫಾಸ್ಟ್ ಟ್ರ್ಯಾಕ್‌ನವರಿಗೆ ಹೋಯಿತು ಅನ್ನಿ. ಮಾಮೂಲಿ ಸಾಲಿಗೆ ಉಳಿಯುವುದು ಗಂಟೆಗೆ 240, ಅದೇ 180 ಜನರ ಹಿಂದೆ ನಿಂತವರಿಗೆ ಮುಕ್ಕಾಲು ಗಂಟೆ. ಬಿಡದಿಯ ರಿಕಾಯಿಲ್ ರೋಲರ್ ಕೋಸ್ಟರ್ ಮುಂದಕ್ಕೆ ಹೋಗಿ ಅದೇ ಹಳಿಯ ಮೇಲೆ ಹಿಮ್ಮುಖವಾಗಿ ವಾಪಸು ಬರುತ್ತದೆ. ಹಾಗಾಗಿ ಅದು ಬಂದು ನಿಲ್ಲುವವರೆಗೆ ಇನ್ನೊಂದು ಬಂಡಿ ಬಿಡಲು ಸಾಧ್ಯವೇ ಇಲ್ಲ. ಅಂಥ ರೈಡಿಗೆ ಬೆಳಗ್ಗೆಯೇ ಓಡಬೇಕು.

ಮಾಮೂಲಿ ಟಿಕೆಟ್‌ನಲ್ಲಿ ನನಗೆ ಒಗ್ಗಿದ ಕ್ರಮ ಹೀಗಿದೆ. ಬಿಡದಿಯಲ್ಲಿ ತಟ್ಟೆ ಇಡ್ಲಿ ತಿಂದು, ಬಾಗಿಲು ತೆರೆಯುವ ಅರ್ಧ ಗಂಟೆ ಮುಂಚೆ ಗೇಟಿನಲ್ಲಿರುವುದು. ಟಿಕೆಟ್ ಹಿಂದಿನ ದಿನವೇ ಆನ್‌ಲೈನ್‌ನಲ್ಲಿ ಕೊಂಡಿರಬೇಕು, ಲಾಕರ್ ಕೆಲಸ ಆಮೇಲೆ. ನೀರಿನ ಆಟಗಳು ಶುರುವಾಗುವುದು ತಡವಾಗಿ, ಮುಗಿಯುವುದು ಬೇಗ. ಅವು ತೆರೆಯುವವರೆಗೆ ಹೈ ಥ್ರಿಲ್ ರೈಡುಗಳನ್ನು ಒಂದೇ ಉಸಿರಿಗೆ ಮುಗಿಸಬೇಕು, ಮೊದಲಿಗೆ ಒಳಗಿನವು, ಆಮೇಲೆ ಗೇಟಿನ ಹತ್ತಿರದವು. ಒಳಗೆ ಬಂದವರು ಕಣ್ಣಿಗೆ ಬಿದ್ದ ಮೊದಲ ರೈಡಿಗೇ ನಿಲ್ಲುತ್ತಾರೆ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ ಜಾರುಬಂಡೆ. ಸಂಜೆ ಜನ ಬಟ್ಟೆ ಬದಲಿಸುವ ಹೊತ್ತಿಗೆ ಇಷ್ಟವಾದದ್ದನ್ನು ಮತ್ತೊಮ್ಮೆ.

ವಾರದ ದಿನ ಖಾಲಿ ಇರುತ್ತದೆ ಅನ್ನುವ ನಂಬಿಕೆ ಮಾತ್ರ ಅರ್ಧ ಸತ್ಯ. ಡಿಸೆಂಬರ್, ಜನವರಿಯಲ್ಲಿ ಶಾಲಾ ಪ್ರವಾಸದ ಬಸ್ಸುಗಳು ಬರುವುದೇ ವಾರದ ದಿನ. ಅದೇ ಫೆಬ್ರವರಿ, ಮಾರ್ಚ್‌ನ ಪರೀಕ್ಷೆಯ ದಿನಗಳಲ್ಲಿ, ಜೂನ್, ಜುಲೈನಲ್ಲಿ ಶಾಲೆ ಶುರುವಾದ ಮೇಲೆ ಮಂಗಳವಾರವೋ ಬುಧವಾರವೋ ಹೋಗಿ ನೋಡಿ. ಕೆಲವು ರೈಡುಗಳಲ್ಲಿ ಇಳಿದ ಕೂಡಲೇ ಮತ್ತೆ ಹತ್ತಬಹುದು. ಆ ದಿನ ಫಾಸ್ಟ್ ಟ್ರ್ಯಾಕ್ ಹಿಡಿದವರಿಗೂ ನಮಗೂ ಏನೂ ವ್ಯತ್ಯಾಸವಿರುವುದಿಲ್ಲ. ಬೇಸಿಗೆ ರಜೆಯ ಅಥವಾ ದಸರಾ ರಜೆಯ ಭಾನುವಾರ ಲೆಕ್ಕ ತಿರುಗುತ್ತದೆ. ಅಂಥ ದಿನ ಫಾಸ್ಟ್ ಟ್ರ್ಯಾಕ್‌ನಲ್ಲಿ ಮಧ್ಯಾಹ್ನದೊಳಗೆ ಮುಗಿಸಿದ್ದು, ಮಾಮೂಲಿ ಟಿಕೆಟ್‌ನಲ್ಲಾದರೆ ಸಂಜೆಯವರೆಗೂ ಮುಗಿಯುತ್ತಿರಲಿಲ್ಲ.

ಸೆಂಟೋಸಾದ್ದು ಬೇರೆ ಕಥೆ. ಅಲ್ಲಿ ಎಕ್ಸ್‌ಪ್ರೆಸ್‌ನಲ್ಲಿ ಎರಡು ಬಗೆ: ಒಂದೊಂದು ರೈಡಿಗೆ ಒಂದೊಂದು ಸಲ, ಅಥವಾ ಎಷ್ಟು ಸಲ ಬೇಕಾದರೂ. ಬೆಲೆ ದಿನಕ್ಕೊಂದು. ಜನ ಹೆಚ್ಚಿರುವ ದಿನ ಪ್ರವೇಶ ಟಿಕೆಟ್‌ನಷ್ಟೇ ಆಗಬಹುದು, ಅದನ್ನು ಮೀರಲೂಬಹುದು. ನನಗೆ ಅಲ್ಲಿ ಅದಕ್ಕಿಂತ ಹಿಡಿಸಿದ್ದು ಬಿಟ್ಟಿಯಾಗಿ ಸಿಗುವ ಸಿಂಗಲ್ ರೈಡರ್ ಸಾಲು. ಮೂವರ ಗುಂಪು ನಾಲ್ಕು ಸೀಟಿನ ಸಾಲಿನಲ್ಲಿ ಕೂತಾಗ ಉಳಿಯುವ ಒಂದು ಸೀಟಿಗೆ ಒಂಟಿಯಾಗಿ ಬಂದವರನ್ನು ಕೂರಿಸುತ್ತಾರೆ. ಟ್ರಾನ್ಸ್‌ಫಾರ್ಮರ್ಸ್, ಮಮ್ಮಿ ಅನ್ನುವ ರೈಡುಗಳಿಗೆ ನಾನು ಹೀಗೇ ಹತ್ತಿದ್ದು. ಇದರಲ್ಲಿ ಯಾರ ಸೀಟನ್ನೂ ಕಿತ್ತುಕೊಂಡ ಹಾಗಾಗುವುದಿಲ್ಲ, ಇಲ್ಲದಿದ್ದರೆ ಆ ಸೀಟು ಖಾಲಿಯೇ ಹೋಗುತ್ತಿತ್ತು. ಬಿಡದಿಯಲ್ಲೂ ಇಂಥದ್ದೊಂದು ಸಾಲು ಬರಲಿ ಅಂತ ನನ್ನ ಬಹಳ ದಿನದ ಆಸೆ. ಗಂಡ ಹೆಂಡತಿ ಅಕ್ಕಪಕ್ಕವೇ ಕೂರಬೇಕು, ಮಗು ಜೊತೆಗಿರಬೇಕು ಅನ್ನುವವರಿಗೆ ಇದು ಆಗಿಬರುವುದಿಲ್ಲ.

ಅಲ್ಲಿ ನಮಗೊಂದು ಅನುಕೂಲವೂ ಇದೆ. ಏಪ್ರಿಲ್ ಕೊನೆಯಲ್ಲಿ, ಮೇ ತಿಂಗಳಲ್ಲಿ ಕರ್ನಾಟಕದ ಮಕ್ಕಳಿಗೆ ರಜೆ, ಸಿಂಗಪುರದ ಮಕ್ಕಳಿಗೆ ಶಾಲೆ. ಅವರ ರಜೆ ಜೂನ್‌ನಲ್ಲಿ. ಮೇ 1ರ ಆಸುಪಾಸು ಬಿಟ್ಟು ವಾರದ ದಿನ ಹೋದರೆ ಎಕ್ಸ್‌ಪ್ರೆಸ್ ದುಡ್ಡು ಉಳಿಯುತ್ತದೆ. ಗುಡುಗು ಮಿಂಚು ಬಂದರೆ ಹೊರಾಂಗಣದ ರೈಡುಗಳನ್ನು ನಿಲ್ಲಿಸುತ್ತಾರೆ, ಆಗ ಯಾವ ಪಾಸೂ ಉಪಯೋಗಕ್ಕೆ ಬರುವುದಿಲ್ಲ.

ಒರ್ಲಾಂಡೊದ ಡಿಸ್ನಿಯಲ್ಲಿ ಸಾಲು ತಪ್ಪಿಸುವುದೇ ಒಂದು ವಿದ್ಯೆ. 1999ರಲ್ಲಿ ಬಂದ ಫಾಸ್ಟ್‌ಪಾಸ್ ಬಿಟ್ಟಿಯಾಗಿತ್ತು. ಇಂಥ ಹೊತ್ತಿಗೆ ಬನ್ನಿ ಅಂತ ಸಮಯ ಕೊಡುತ್ತಿದ್ದರು, ಅಲ್ಲಿಯವರೆಗೆ ಬೇರೆಲ್ಲಾದರೂ ತಿರುಗಬಹುದಿತ್ತು. ಕೋವಿಡ್‌ಗೆ ಪಾರ್ಕು ಮುಚ್ಚಿದಾಗ ಅದು ನಿಂತಿತು. 2021ರ ಅಕ್ಟೋಬರ್‌ನಲ್ಲಿ ದಿನಕ್ಕೆ 15 ಡಾಲರ್‌ನಿಂದ ಶುರುವಾದ ಜೀನಿ ಪ್ಲಸ್ ಬಂತು, 2024ರ ಜುಲೈನಲ್ಲಿ ಅದರ ಜಾಗಕ್ಕೆ ಲೈಟ್ನಿಂಗ್ ಲೇನ್ ಮಲ್ಟಿ ಪಾಸ್. ಡಿಸ್ನಿ ಹೋಟೆಲಿನಲ್ಲಿ ಉಳಿದವರು 7 ದಿನ ಮುಂಚೆ, ಹೊರಗಿನವರು 3 ದಿನ ಮುಂಚೆ ಮೂರು ರೈಡುಗಳಿಗೆ ಸಮಯ ಹಿಡಿದಿಟ್ಟುಕೊಳ್ಳಬಹುದು. ಒಂದನ್ನು ಬಳಸಿದ ಮೇಲೆ ಇನ್ನೊಂದನ್ನು ಹಿಡಿಯಬಹುದು. ಅತಿ ಬೇಡಿಕೆಯ ಕೆಲವು ರೈಡುಗಳಿಗೆ ಸಿಂಗಲ್ ಪಾಸ್ ಅಂತ ಮತ್ತೆ ಬೇರೆ ದುಡ್ಡು. ಸಮಯದ ಗೊಡವೆಯಿಲ್ಲದ ಪ್ರೀಮಿಯರ್ ಪಾಸ್ 2024ರ ಕೊನೆಗೆ ಬಂದಾಗ ಅದರ ದರ ತಲೆಗೆ 129ರಿಂದ 449 ಡಾಲರ್‌ವರೆಗೆ ಇತ್ತು. ನಾನು ಅದನ್ನು ಕೊಂಡಿಲ್ಲ, ಕೊಳ್ಳುವುದೂ ಇಲ್ಲ.

ಆದರೂ ಮಲ್ಟಿ ಪಾಸ್ ಕೊಟ್ಟ ದುಡ್ಡಿಗೆ ನ್ಯಾಯ ಒದಗಿಸಿತು ಅಂತಲೇ ಹೇಳುತ್ತೇನೆ. ಅಷ್ಟು ದೂರ ವಿಮಾನದಲ್ಲಿ ಹೋದವರಿಗೆ ಇನ್ನೊಂದು ಮಂಗಳವಾರ ಸಿಗುವುದಿಲ್ಲ. ಬೆಲೆಯೇನೆಂದರೆ ದಿನವೆಲ್ಲ ಮೊಬೈಲ್ ಕೈಯಲ್ಲೇ ಇರಬೇಕು, ಮುಂದಿನ ಸಮಯ ಹುಡುಕುತ್ತಲೇ ಇರಬೇಕು. ಪುಟ್ಟ ಮಗು ಇರುವವರು ತಪ್ಪದೆ ಕೇಳಬೇಕಾದದ್ದು ರೈಡರ್ ಸ್ವಿಚ್. ಎತ್ತರ ಸಾಲದ ಮಗುವಿನ ಜೊತೆ ಒಬ್ಬರು ಹೊರಗೆ ಇರುತ್ತಾರೆ, ಇನ್ನೊಬ್ಬರು ಇಳಿದು ಬಂದ ಮೇಲೆ ಇವರು ಮತ್ತೆ ಮೊದಲಿನಿಂದ ಸಾಲು ಕಾಯದೆ ಹೋಗಬಹುದು. ಇದಕ್ಕೆ ದುಡ್ಡಿಲ್ಲ.

ನನ್ನನ್ನು ಕಾಡುವ ವಿಷಯ ಒಂದಿದೆ. ಮೇಲಿನ ಲೆಕ್ಕದಲ್ಲಿ ಆ ಹೆಚ್ಚುವರಿ ಕಾಲು ಗಂಟೆ ಕಾದವರು ಯಾರು? ಬಿಡದಿಯಲ್ಲಿ ಡಿಸೆಂಬರ್‌ನಲ್ಲಿ ನಿಂತು ನೋಡಿ. ದೂರದ ಜಿಲ್ಲೆಯಿಂದ ರಾತ್ರಿಯಿಡೀ ಬಸ್ಸಿನಲ್ಲಿ ಬಂದು, ಸಂಜೆ ಅದೇ ಬಸ್ಸಿಗೆ ಹತ್ತಬೇಕಾದ ಶಾಲೆಯ ಮಕ್ಕಳು. ಸಾಲು ತಪ್ಪಿಸುವ ಟಿಕೆಟ್ ಮಾರಲಿ, ಬೇಡ ಅನ್ನುವುದಿಲ್ಲ. ಆದರೆ ದಿನಕ್ಕೆ ಇಷ್ಟೇ ಅಂತ ಮಿತಿ ಇರಬೇಕು. ಪ್ರತಿ ಸುತ್ತಿನಲ್ಲಿ ಮಾಮೂಲಿ ಸಾಲಿಗೆ ಎಷ್ಟು ಸೀಟು ಅಂತ ರೈಡಿನ ಬಾಗಿಲಲ್ಲಿ ಬೋರ್ಡು ಹಾಕಬೇಕು. ಜಗತ್ತಿನ ಯಾವ ಪಾರ್ಕೇ ಆದರೂ ಸರಿ, ಟಿಕೆಟ್ ಕೊಂಡು ಬಂದವರಿಗೆ ಅದನ್ನು ತಿಳಿಯುವ ಹಕ್ಕಿದೆ.

ಈ ಸಲ ಅಕ್ಕನ ಮನೆಯವರು ಊರಿಗೆ ಬರುತ್ತಾರೆ, ಅವರಿಗೆ ಸಿಗುವುದು ರಜೆಯ ನಡುವಿನ ಒಂದು ಭಾನುವಾರ ಮಾತ್ರ. ಅಕ್ಕನಿಗೂ ಅವಳ ದೊಡ್ಡ ಮಗನಿಗೂ ಫಾಸ್ಟ್ ಟ್ರ್ಯಾಕ್, 140 ಮುಟ್ಟದ ಚಿಕ್ಕವಳಿಗೂ ಅಮ್ಮನಿಗೂ ನನಗೂ ಮಾಮೂಲಿ ಟಿಕೆಟ್ ಅಂತ ಹೇಳಿದ್ದೇನೆ. ಅವರಿಬ್ಬರು ರಿಕಾಯಿಲ್ ಕಡೆ ಹೋದಾಗ ನಾವು ಮೂವರೂ ವೇವ್ ಪೂಲ್‌ನಲ್ಲಿರುತ್ತೇವೆ.