ಮುಚ್ಚಿಟ್ಟರೂ ಮಲಗದ ಕೀಬೋರ್ಡ್

ಟೈಪ್ ಮಾಡುವಷ್ಟು ಹೊತ್ತು ನನ್ನ ಐಪ್ಯಾಡ್‌ನ ಈ ಬ್ಲೂಟೂತ್ ಕೀಬೋರ್ಡ್ ಕವರ್‌ನ ಮೇಲೆ ನನ್ನದೇನೂ ದೂರಿಲ್ಲ. ತಕರಾರು ಶುರುವಾಗುವುದು ಮುಚ್ಚಿಟ್ಟ ಮೇಲೆ. ಕಂಪನಿಯ ಹೆಸರು ಬರೆಯುತ್ತಿಲ್ಲ. ಇದೇ ಅಚ್ಚಿನ ಸರಕು ಬೇರೆ ಬೇರೆ ಹೆಸರಿನಲ್ಲಿ ಮಾರುಕಟ್ಟೆಯಲ್ಲಿದೆ, ಯಾವ ಹೆಸರಿನದನ್ನು ಕೊಂಡರೂ ನೋಡಬೇಕಾದದ್ದು ಒಂದೇ.

ನಾನು ತೀರ್ಥಹಳ್ಳಿ ಕಡೆಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿತ್ತೆಂದರೆ ಇಲ್ಲಿ ಕರೆಂಟ್ ಮರುದಿನ ಬಂದರೂ ಬೇಗ ಬಂದಂತೆಯೇ ಲೆಕ್ಕ. ಹಾಗಾಗಿ ರಾತ್ರಿ ಐಪ್ಯಾಡ್‌ನಲ್ಲಿ ಎಷ್ಟು ಚಾರ್ಜ್ ಬಿಟ್ಟು ಮಲಗುತ್ತೇನೋ ಬೆಳಿಗ್ಗೆಯೂ ಹೆಚ್ಚುಕಡಿಮೆ ಅಷ್ಟು ಇರಲೇಬೇಕು. ಪಾಠದ ಚಿತ್ರಗಳು, ಪ್ರಶ್ನೆಪತ್ರಿಕೆಗಳು ಎಲ್ಲವೂ ಅದರಲ್ಲೇ ಇವೆ. ಈ ಕವರ್ ಬಂದ ಮೇಲೆ ಮಲಗುವಾಗ 80ರ ಮೇಲಿದ್ದ ಅಂಕಿ ಬೆಳಗಾಗುವುದರೊಳಗೆ 70ರ ಕೆಳಗೆ ಇಳಿಯತೊಡಗಿತು. ಯಾರೂ ಮುಟ್ಟದ ಟ್ಯಾಬ್ ಇಷ್ಟು ಖಾಲಿಯಾಗಬಾರದು.

ಮೊದಲು ಅನುಮಾನ ಹೋಗಿದ್ದು ಪರದೆಯ ಮೇಲೆ ಬರೆಯುವ ಪೆನ್ಸಿಲ್ ಮೇಲೆ. 2018ರಲ್ಲಿ ಬಂದ ಎರಡನೇ ಪೀಳಿಗೆಯ ಆಪಲ್ ಪೆನ್ಸಿಲ್ ಟ್ಯಾಬ್‌ನ ಅಂಚಿಗೆ ಅಯಸ್ಕಾಂತದಿಂದ ಅಂಟಿಕೊಂಡು, ಅಲ್ಲಿಂದಲೇ ವಿದ್ಯುತ್ ಪಡೆಯುತ್ತದೆ. ಕೊಡುವವನು ಟ್ಯಾಬ್ ಆದ್ದರಿಂದ ಎಲ್ಲರೂ ಪೆನ್ಸಿಲ್ಲನ್ನೇ ದೂರುತ್ತಾರೆ. ಲೆಕ್ಕ ಹಾಕಿ ನೋಡಿ. ಮೊದಲ ಪೀಳಿಗೆಯ ಪೆನ್ಸಿಲ್‌ನೊಳಗಿನ ಬ್ಯಾಟರಿ ಅರ್ಧ ವ್ಯಾಟ್-ಗಂಟೆಯೂ ಇಲ್ಲ. 11 ಅಂಗುಲದ ಐಪ್ಯಾಡ್‌ನದು 28 ವ್ಯಾಟ್-ಗಂಟೆಯ ಆಸುಪಾಸು. ಎರಡನೇ ಪೀಳಿಗೆಯ ಪೆನ್ಸಿಲ್ಲೂ ಹೆಚ್ಚುಕಡಿಮೆ ಅದೇ ಗಾತ್ರದ ಕಡ್ಡಿ. ಪೂರ್ತಿ ಬರಿದಾದ ಪೆನ್ಸಿಲ್ ತುಂಬಿಸಿದರೂ, ಶಾಖವಾಗಿ ಪೋಲಾಗುವುದನ್ನು ಸೇರಿಸಿಕೊಂಡರೂ, ಟ್ಯಾಬ್‌ನಿಂದ ಹೋಗುವುದು ಶೇಕಡಾ ಎರಡು-ಮೂರು. ಪೆನ್ಸಿಲ್ ತೆಗೆದಿಟ್ಟ ರಾತ್ರಿಗಳಲ್ಲೂ ಇಳಿತ ಹಾಗೆಯೇ ಇತ್ತು. ಕೀಬೋರ್ಡ್ ಬೇರೆ ಮಾಡಿಟ್ಟ ರಾತ್ರಿಗಳಲ್ಲಿ ಅಂಕಿ ಹೆಚ್ಚುಕಡಿಮೆ ಅಲುಗಾಡಲಿಲ್ಲ.

ಹಾಗಾದರೆ ಬ್ಲೂಟೂತ್ ತಾನೇ ಇಷ್ಟು ತಿನ್ನುತ್ತದೆಯೇ? ಇಲ್ಲ. 2010ರಲ್ಲಿ ಬಂದ ಬ್ಲೂಟೂತ್ 4.0 ಕಡಿಮೆ ಶಕ್ತಿಯ ಸಂಪರ್ಕವನ್ನು ತಂದಿದ್ದೇ ಇಂಥ ಚಿಕ್ಕ ಉಪಕರಣಗಳಿಗಾಗಿ. ಸುಮ್ಮನಿರುವ ಕೀಬೋರ್ಡ್ ಆಗೊಮ್ಮೆ ಈಗೊಮ್ಮೆ “ಇದ್ದೇನೆ” ಎಂದು ಹೇಳುವುದಕ್ಕೆ ತಗಲುವ ಖರ್ಚು ತೀರಾ ಅಲ್ಪ. ಖರ್ಚು ಬರುವುದು ಅದು ಟ್ಯಾಬ್ ಅನ್ನು ಎಬ್ಬಿಸಿದಾಗ. ಒಂದು ಕೀಲಿ ಒತ್ತಿದರೆ ಸಾಕು, ಪರದೆ ಬೆಳಗುತ್ತದೆ, ವೈಫೈ ಚುರುಕಾಗುತ್ತದೆ, ಒಳಗೆ ಕಾದು ಕುಳಿತ ಕೆಲಸಗಳೆಲ್ಲ ಏಳುತ್ತವೆ.

ಮುಚ್ಚಿಟ್ಟ ಕವರ್‌ನಲ್ಲಿ ಕೀಲಿ ಒತ್ತುವವರು ಯಾರು? ಉತ್ತರ ಗಾಜಿನ ಮೇಲೆಯೇ ಇತ್ತು. ಬೆಳಿಗ್ಗೆ ಕಿಟಕಿಯ ಬೆಳಕಿಗೆ ಪರದೆಯನ್ನು ಓರೆಯಾಗಿ ಹಿಡಿದರೆ ಜಿಡ್ಡಿನ ಮಸುಕು ಚೌಕಗಳು ಸಾಲಾಗಿ ಕಾಣುತ್ತಿದ್ದವು, ಕೆಳಗೆ ಸ್ಪೇಸ್ ಬಾರ್‌ನ ಉದ್ದನೆಯ ಗೆರೆ. ಬೆರಳಿನ ಎಣ್ಣೆ ಕೀಲಿಗಳಿಗೆ, ಕೀಲಿಗಳಿಂದ ಗಾಜಿಗೆ. ಅಂದರೆ ಮುಚ್ಚಿದಾಗ ಗಾಜು ಕೀಲಿಗಳ ಮೇಲೆಯೇ ಕೂರುತ್ತದೆ. ಮೇಲೆ ಉತ್ತರಪತ್ರಿಕೆಯ ಕಟ್ಟು ಇಟ್ಟರೆ ಒತ್ತುತ್ತದೆ. ಅಂಚಿನಲ್ಲಿ ಒಂದು ಏಣು ಕೊಟ್ಟಿದ್ದರೆ ಇದು ಆಗುತ್ತಲೇ ಇರಲಿಲ್ಲ. ಇದರ ಜೊತೆಗೆ ಮಡಿಕೆಯೂ ಸಡಿಲ. ಮುಚ್ಚಿದ್ದು ಟ್ಯಾಬ್‌ಗೆ ತಿಳಿಯುವುದು ಕವರ್‌ನೊಳಗಿನ ಅಯಸ್ಕಾಂತದಿಂದ. ಬ್ಯಾಗಿನಲ್ಲಿ ಕವರ್ ಸ್ವಲ್ಪ ಸರಿದರೆ ಅಯಸ್ಕಾಂತ ಜಾಗ ತಪ್ಪುತ್ತದೆ, ತೆರೆದರು ಎಂದುಕೊಂಡು ಟ್ಯಾಬ್ ಏಳುತ್ತದೆ. ಸೆಟ್ಟಿಂಗ್ಸ್‌ನ ಬ್ಯಾಟರಿ ಪುಟದಲ್ಲಿ ನಡುರಾತ್ರಿಯ ಗಂಟೆಗಳಲ್ಲೂ ಪರದೆ ಬೆಳಗಿದ ಪಟ್ಟಿಗಳಿದ್ದವು.

ಅಂಗಡಿಯಲ್ಲಿ ಕೇಳಿದಾಗ “ಬ್ಲೂಟೂತ್ ಆಫ್ ಮಾಡಿಬಿಡಿ ಮೇಡಂ, ಎಲ್ಲ ಕೀಬೋರ್ಡೂ ಹೀಗೆಯೇ” ಎಂದರು. ಎಲ್ಲವೂ ಹೀಗಿಲ್ಲ. ಬದಿಯಲ್ಲಿ ಸ್ವಿಚ್ ಇರುವ ಕೀಬೋರ್ಡ್‌ಗಳು ಇವೆ, ಇದರಲ್ಲಿ ಇಲ್ಲ. ತಾನಾಗಿ ನಿದ್ರೆಗೆ ಹೋಗುವುದೇ ಸೌಲಭ್ಯವೆಂದು ಪೆಟ್ಟಿಗೆಯ ಮೇಲೆ ಅಚ್ಚಾಗಿದೆ, ಆದರೆ ಒಂದು ಕೀಲಿ ತಗಲಿದರೆ ಆ ನಿದ್ರೆ ಮುಗಿಯಿತು. ಬ್ಲೂಟೂತ್ ಆರಿಸುವ ಮಾತೂ ಅಷ್ಟು ಸುಲಭವಲ್ಲ. ಐಪ್ಯಾಡ್ ಪರದೆಯ ಮೂಲೆಯಿಂದ ಕೆಳಗೆಳೆದರೆ ಬರುವ ಕಂಟ್ರೋಲ್ ಸೆಂಟರ್‌ನಲ್ಲಿ ಒತ್ತಿದರೆ ಕೀಬೋರ್ಡ್‌ನಂಥವುಗಳ ಸಂಪರ್ಕ ಕಡಿಯುತ್ತದೆ, ಬೆಳಿಗ್ಗೆ 5ಕ್ಕೆ ಬ್ಲೂಟೂತ್ ತಾನೇ ಮರಳುತ್ತದೆ. ಪೆನ್ಸಿಲ್ ಸಂಪರ್ಕವಂತೂ ಕಡಿಯುವುದೇ ಇಲ್ಲ. ಪೂರ್ತಿ ಆರಿಸಬೇಕಾದರೆ ಸೆಟ್ಟಿಂಗ್ಸ್ ಒಳಗೇ ಹೋಗಬೇಕು. ದಿನಾ ರಾತ್ರಿ ಆರಿಸಿ ಬೆಳಿಗ್ಗೆ ಹಚ್ಚುವ ಕೆಲಸವನ್ನು ದುಡ್ಡು ಕೊಟ್ಟವರ ತಲೆಗೆ ಕಟ್ಟುವುದು ನ್ಯಾಯವಲ್ಲ. ಒಂದು ಸ್ವಿಚ್‌ಗೆ ಎಷ್ಟು ಖರ್ಚಾದೀತು?

ಪೆನ್ನಿನ ವಿಷಯದಲ್ಲಿ ಇದಕ್ಕಿಂತ ಅಚ್ಚುಕಟ್ಟಾದ ದಾರಿಗಳಿವೆ. ಸ್ಯಾಮ್‌ಸಂಗ್‌ನ ಎಸ್ ಪೆನ್‌ನಲ್ಲಿ ಬರೆಯುವುದಕ್ಕೆ ಬ್ಯಾಟರಿಯೇ ಬೇಡ. ಪರದೆಯ ಅಡಿಯ ಪದರ ಹೊರಡಿಸುವ ಕಾಂತಕ್ಷೇತ್ರದಿಂದಲೇ ಅದು ಕೆಲಸ ಮಾಡುತ್ತದೆ. ವಾಕಾಮ್ ಕಂಪನಿ ಬೆಳೆಸಿದ ತಂತ್ರ. ವಿದ್ಯುತ್ಕಾಂತೀಯ ಪ್ರೇರಣೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ, ಸಹೋದ್ಯೋಗಿಯೊಬ್ಬರ ಟ್ಯಾಬ್ ಅನ್ನು ತರಗತಿಗೆ ಒಯ್ದು ತೋರಿಸುತ್ತೇನೆ.

ಈ ಕವರ್‌ಗೆ ಐದರಲ್ಲಿ ಎರಡು ಅಂಕ, ಎರಡೂ ಕೀಲಿಗಳ ಹದಕ್ಕೆ. ಮನೆಯ ಮೇಜಿನ ಮೇಲಿಟ್ಟು, ಪಕ್ಕದಲ್ಲೇ ಪ್ಲಗ್ ಇರುವವರು ಕೊಳ್ಳಬಹುದು. ಬ್ಯಾಗಿನಲ್ಲಿ ಹೊತ್ತು ಊರೂರು ತಿರುಗುವವರು, ಕರೆಂಟ್ ನಂಬಲಾಗದ ಕಡೆ ಇರುವವರು ಬೇಡ. ಯಾವುದನ್ನೇ ಕೊಳ್ಳುವುದಿದ್ದರೂ ಅಂಗಡಿಯಲ್ಲಿ ಟ್ಯಾಬ್ ಕೂರಿಸಿ, ಮುಚ್ಚಿ, ಮೇಲೆ ಅಂಗೈಯಿಂದ ಒತ್ತಿ, ಅಂಚಿನ ಸಂದಿಯಲ್ಲಿ ಪರದೆಯ ಬೆಳಕು ಇಣುಕುತ್ತದೆಯೇ ನೋಡಿ. ಸ್ವಿಚ್ ಎಲ್ಲಿದೆ ಎಂದೂ ಕೇಳಿ.