ಸೀಸದ ಪೆಲೆಟ್ಟೋ, ತವರದ್ದೋ?

ಮಗಳು ಪುಣೆಯ ಬಾಲೇವಾಡಿಯಲ್ಲಿ 10 ಮೀಟರ್ ಏರ್ ರೈಫಲ್ ಕಲಿಯುತ್ತಿದ್ದಾಳೆ. ಇಲ್ಲಿನ ಕನ್ನಡ ಗೆಳೆಯರು ಕೇಳುವುದು ಒಂದೇ: ಯಾವ ಪೆಲೆಟ್, ಅಂದರೆ ರೈಫಲ್‌ಗೆ ಹಾಕುವ ಪುಟ್ಟ ಗುಂಡು, ಕೊಳ್ಳಬೇಕು?

ಸೀಸದ್ದು, ತವರದ್ದು ಎರಡೂ 4.5 ಮಿಲಿಮೀಟರ್ ದಪ್ಪ. ಸೀಸದ್ದು ಸುಮಾರು ಅರ್ಧ ಗ್ರಾಂ ತೂಗುತ್ತದೆ. ಮೆತ್ತಗಿರುವುದರಿಂದ ನಳಿಗೆಯ ಒಳಗಿನ ಗೆರೆಗಳಿಗೆ ಚೆನ್ನಾಗಿ ಕಚ್ಚಿಕೊಳ್ಳುತ್ತದೆ. ಬೆಲೆಯೂ ಕಡಿಮೆ. ಸ್ಪರ್ಧೆಗೆ ಬಹುತೇಕರು ಬಳಸುವುದು ಇದನ್ನೇ. ತವರದ್ದು ಹಗುರ, ಗಟ್ಟಿ. ವೇಗ ಜಾಸ್ತಿ, ಆದರೆ ಕೆಲವು ರೈಫಲ್‌ಗಳಲ್ಲಿ ಗುರಿ ಚದುರುತ್ತದೆ.

ಆದರೂ ಮಕ್ಕಳ ವಿಷಯ ಅಲ್ವಾ? ಸೀಸ ಮೈ ಸೇರಿದರೆ ಬೆಳೆಯುವ ಮೆದುಳಿಗೇ ಪೆಟ್ಟು. ಹಾಗಾಗಿ ಮನೆಯ ಅಭ್ಯಾಸಕ್ಕೆ ನಾನು ತವರವನ್ನೇ ತಂದೆ. ಶೂಟಿಂಗ್ ರೇಂಜಿನಲ್ಲಿ ಸೀಸ. ಅಲ್ಲಿಂದ ಹೊರಬಂದ ಮೇಲೆ ಸೋಪು ಹಚ್ಚಿ ಕೈ ತೊಳೆಸದೆ ವಡಾಪಾವ್ ಕೊಡಿಸುವುದಿಲ್ಲ.

ಕೊಳ್ಳುವ ಮೊದಲು ಎರಡನ್ನೂ ನಿಮ್ಮ ರೈಫಲ್‌ನಲ್ಲೇ ಹೊಡೆದು ನೋಡಿ.